ಎರಡು ಸಲ ಚಾಂಪಿಯನ್ ಆದ ಒರ್ಲ್ಯಾಂಡೋ ಪ್ಯಾಂಥರ್ಸ್ ತಂಡ ಮುಚ್ಚಿಹೋಗಿದ್ದು ಯಾಕೆ?

ಒರ್ಲ್ಯಾಂಡೋ_ಕಿಟ್ಟಿ:
ಎಲ್ಲರಿಗೂ ನಮಸ್ಕಾರ. ಕ್ರಿಕೆಟ್ ಬಿಟ್ಟು ಬೇರೆ ಮಾತಾಡಿದ್ರೆ ಇಲ್ಲಿ ಓಡಿಸಿಬಿಡ್ತೀರೇನೋ, ಆದ್ರೂ ಧೈರ್ಯ ಮಾಡಿ ಕೇಳ್ತಿದೀನಿ.

ನಾನಿರೋ ಈ ಊರಲ್ಲಿ, ಅಂದ್ರೆ ಅಮೆರಿಕದ ಫ್ಲೋರಿಡಾ ರಾಜ್ಯದ ಒರ್ಲ್ಯಾಂಡೋದಲ್ಲಿ, 1966ರಿಂದ 1970ರ ತನಕ ಒರ್ಲ್ಯಾಂಡೋ ಪ್ಯಾಂಥರ್ಸ್ ಅಂತ ಒಂದು ಅಮೆರಿಕನ್ ಫುಟ್‌ಬಾಲ್ ತಂಡ ಇತ್ತು. ಇಲ್ಲಿನ ಅತಿ ದೊಡ್ಡ ಲೀಗ್ ಎನ್‌ಎಫ್‌ಎಲ್ ಅಲ್ಲ, ಅದಕ್ಕಿಂತ ಕೆಳಗಿನ ದರ್ಜೆ. ಕಾಂಟಿನೆಂಟಲ್ ಫುಟ್‌ಬಾಲ್ ಲೀಗ್ ಅಂತ ಹೆಸರು. ಬಂದ ವರ್ಷವೇ ಫೈನಲ್ಲು, ಫಿಲಡೆಲ್ಫಿಯಾ ಬುಲ್‌ಡಾಗ್ಸ್ ಎದುರು ಓವರ್‌ಟೈಮ್‌ನಲ್ಲಿ 20-17ಕ್ಕೆ ಸೋತ್ರು. 1967ರಲ್ಲಿ ನಾರ್ಫೋಕ್ ನೆಪ್ಚೂನ್ಸ್ ತಂಡಕ್ಕೆ 38-14ರಲ್ಲಿ ಬಾರಿಸಿದ್ರು. 1968ರಲ್ಲಿ ಸ್ಪೋಕೇನ್ ಶಾಕರ್ಸ್ ಮೇಲೆ 30-23. ಮೂರು ವರ್ಷದಲ್ಲಿ ಮೂರು ಫೈನಲ್, ಎರಡು ಕಪ್. 1970 ಮುಗಿಯೋ ಹೊತ್ತಿಗೆ ತಂಡಾನೇ ಇಲ್ಲ!

ಇಲ್ಲಿ ಆಫೀಸಲ್ಲಿ ಫುಟ್‌ಬಾಲ್ ಅಂದ್ರೆ ಪ್ರಾಣ ಬಿಡೋರಿದಾರೆ. ಅವರಿಗೂ ಈ ತಂಡದ ಹೆಸರು ಗೊತ್ತಿಲ್ಲ. ವಯಸ್ಸಾದ ಒಬ್ಬರು ಮಾತ್ರ "ಓ, ಆ ಹೆಂಗಸು ಆಡಿದ ಟೀಮಾ?" ಅಂದ್ರು. ಪ್ಯಾಟ್ ಪಲಿಂಕಸ್ ವಿಷಯ ಅದು, ಬೇಕಾದ್ರೆ ಆಮೇಲೆ ಹೇಳ್ತೀನಿ.

ನನ್ನ ತಲೆ ತಿನ್ನೋದು ಇಷ್ಟೇ. ಸೋಲೋ ತಂಡ ಮುಚ್ಚೋದು ಸರಿ, ಗೆಲ್ಲೋ ತಂಡ ಯಾಕೆ ಮುಚ್ಚಬೇಕು? ಗೊತ್ತಿರೋರು ಹೇಳಿ.

ಸುಮ್ನೆ_ಓದೋನು:
ದುಡ್ಡು. ಮುಂದಿನ ಪ್ರಶ್ನೆ.

ಅಂಕಿಅಂಶ_ಅನಂತ:
@ಸುಮ್ನೆ_ಓದೋನು ಉತ್ತರ ಸರಿ, ಆದ್ರೆ ಅರ್ಧ ಮಾರ್ಕ್ಸು.

ಕಿಟ್ಟಿ ಸಾರ್, 1966 ಅನ್ನೋ ವರ್ಷಾನೇ ನೋಡಿ. ಪ್ಯಾಂಥರ್ಸ್ ಒರ್ಲ್ಯಾಂಡೋಗೆ ಬಂದ ವರ್ಷವೇ ಮಯಾಮಿ ಡಾಲ್ಫಿನ್ಸ್ ಎಎಫ್‌ಎಲ್‌ಗೆ (ಆಗ ಎನ್‌ಎಫ್‌ಎಲ್‌ಗೆ ಪೈಪೋಟಿ ಕೊಡ್ತಿದ್ದ ಇನ್ನೊಂದು ದೊಡ್ಡ ಲೀಗ್) ಬಂತು. ಫ್ಲೋರಿಡಾಕ್ಕೆ ಸ್ವಂತ ದೊಡ್ಡ ತಂಡ ಸಿಕ್ತು. ಅದೇ ವರ್ಷ ಜೂನ್‌ನಲ್ಲಿ ಎಎಫ್‌ಎಲ್ ಮತ್ತೆ ಎನ್‌ಎಫ್‌ಎಲ್ ಒಂದಾಗೋ ಒಪ್ಪಂದ ಆಯ್ತು. ಅಲ್ಲೀತನಕ ಎರಡೂ ದೊಡ್ಡ ಲೀಗುಗಳು ಆಟಗಾರರಿಗೆ ಕಿತ್ತಾಡ್ತಿದ್ವು. ಹಾಗಿದ್ದಾಗ ಮೂರನೇ ಲೀಗ್ ಒಂದಕ್ಕೆ "ನಾಳೆ ನಾವೂ ದೊಡ್ಡೋರಾಗಬಹುದು" ಅನ್ನೋ ಆಸೆ ಇತ್ತು. ಒಪ್ಪಂದ ಆದಮೇಲೆ ಆ ಬಾಗಿಲು ಮುಚ್ಚಿತು. ಕಾಂಟಿನೆಂಟಲ್ ಲೀಗ್ ಶುರುವಾಗಿದ್ದೇ 1965ರಲ್ಲಿ. ಅಂದ್ರೆ ಹುಟ್ಟಿದ ಮರುವರ್ಷವೇ ಮೇಲಕ್ಕೇರೋ ಏಣಿ ತೆಗೆದುಬಿಟ್ರು.

ಜರ್ಸಿ_ಗೌಡ:
ಒಂದು ವಿಷಯ ಯಾರೂ ಹೇಳ್ತಿಲ್ಲ. ಒರ್ಲ್ಯಾಂಡೋ ತಂಡ ಅಂತೀರಲ್ಲ, ಅದು ನಮ್ಮ ನ್ಯೂವಾರ್ಕಿನದು ಸ್ವಾಮಿ. ನ್ಯೂವಾರ್ಕ್ ಬೇರ್ಸ್. 1965ರಲ್ಲಿ ಕಾಂಟಿನೆಂಟಲ್ ಲೀಗ್ ಶುರುವಾದಾಗ ಆಡಿದ್ದು ಈ ಹೆಸರಲ್ಲೇ. ಮರುವರ್ಷ ಗಂಟುಮೂಟೆ ಕಟ್ಟಿ ದಕ್ಷಿಣಕ್ಕೆ ಹೊರಟ್ರು. ಪಕ್ಕದಲ್ಲೇ ನ್ಯೂಯಾರ್ಕ್ ಜೈಂಟ್ಸು, ಜೆಟ್ಸು ಇರುವಾಗ ನ್ಯೂವಾರ್ಕಲ್ಲಿ ಟಿಕೆಟ್ ಯಾರು ತಗೋತಾರೆ? ಒರ್ಲ್ಯಾಂಡೋದವರು ಕರೆದ್ರು, ಇವರು ಹೋದ್ರು.

ಧಾರವಾಡ_ಪೇಡೆ:
ಗೌಡ್ರ, ತವರುಮನಿ ಬಿಟ್ಟು ಹ್ವಾದ ಮ್ಯಾಲ ಕಪ್ ಗೆದ್ದದ್ದಕ್ಕ ನೀವ್ಯಾಕ್ರಿ ಎದಿ ಉಬ್ಬಿಸ್ತೀರಿ? 😄

ಕಿಟ್ಟಿ ಅವ್ರ, ನನಗೊಂದು ಸಂಶಯ. 1966ರಾಗ ಒರ್ಲ್ಯಾಂಡೋ ಅಂದ್ರ ಏನಿತ್ರಿ ಅಲ್ಲೆ? ಡಿಸ್ನಿ ಅವಾಗ ಬಂದಿತ್ತೇನ?

ಒರ್ಲ್ಯಾಂಡೋ_ಕಿಟ್ಟಿ:
@ಧಾರವಾಡ_ಪೇಡೆ ಇಲ್ಲ ಸಾರ್. ಡಿಸ್ನಿ ವರ್ಲ್ಡ್ ಬಾಗಿಲು ತೆಗೆದಿದ್ದು 1971ರ ಅಕ್ಟೋಬರ್ 1ಕ್ಕೆ. ತಂಡ ಮುಚ್ಚಿದ ಮರುವರ್ಷ. ಅದಕ್ಕೆ ಮುಂಚೆ ಒರ್ಲ್ಯಾಂಡೋ ಅಂದ್ರೆ ಕಿತ್ತಳೆ ತೋಟಗಳ ಸೀಮೆ. ಸ್ಟೇಡಿಯಂ ಹೆಸರೇ ಟ್ಯಾಂಜರೀನ್ ಬೌಲ್. ಅದೇ ಜಾಗ ಈಗ ಕ್ಯಾಂಪಿಂಗ್ ವರ್ಲ್ಡ್ ಸ್ಟೇಡಿಯಂ ಆಗಿದೆ. ಶನಿವಾರ ರಾತ್ರಿ ಊರಲ್ಲಿ ಮಾಡೋಕೆ ಬೇರೆ ಕೆಲಸ ಇರಲಿಲ್ಲ, ಜನ ಪಂದ್ಯಕ್ಕೆ ಬರ್ತಿದ್ರು. ಲೀಗಿನಲ್ಲಿ ಚೆನ್ನಾಗಿ ಜನ ಸೇರ್ತಿದ್ದ ಊರುಗಳಲ್ಲಿ ಇದೂ ಒಂದು.

ಸ್ಟೇಡಿಯಂ_ರಸ್ತೆ:
ಜನ ಬರ್ತಿದ್ರು, ಕಪ್ ಗೆಲ್ತಿದ್ರು, ಆದ್ರೂ ಮುಚ್ಚಿತು ಅಂದ್ರೆ ಮಾಲೀಕ ಕಳ್ಳ ಇರ್ಬೇಕು. ನಮ್ಮ ಕಡೆಯ ಅನುಭವದಿಂದ ಹೇಳ್ತಿದೀನಿ.

ತಾಲ್ಲೂಕು ಮಟ್ಟದ ವಾಲಿಬಾಲ್ ಲೀಗ್‌ಗೆ ಒಬ್ಬ ರಿಯಲ್ ಎಸ್ಟೇಟ್ ಸಾಹುಕಾರ ತಂಡ ಕಟ್ಟಿದ್ದ. ನಾವು ಆರು ಜನ, ಮೇಲೊಂದಿಬ್ಬರು. ಹೊಸ ಜರ್ಸಿ ಬಂತು, ಬೆನ್ನ ಮೇಲೆ ಅವನ ಲೇಔಟಿನ ಹೆಸರು, ಕೆಳಗೆ ಫೋನ್ ನಂಬರ್. ನಮ್ಮ ಹೆಸರು ಹಾಕೋಕೆ ಜಾಗಾನೇ ಇರಲಿಲ್ಲ. ಎರಡು ಪಂದ್ಯ ಗೆದ್ವಿ. ಮೂರನೇ ಪಂದ್ಯಕ್ಕೆ ವ್ಯಾನ್ ಬರಲಿಲ್ಲ, ಫೋನ್ ಮಾಡಿದ್ರೆ ಸ್ವಿಚ್ ಆಫ್. ಬಸ್ಸಲ್ಲಿ ಹೋಗಿ ಆಡಿ ಬಂದ್ವಿ. ಜರ್ಸಿ ಇನ್ನೂ ಇದೆ, ಗಾಡಿ ಒರೆಸ್ತೀನಿ.

ಅಂಕಿಅಂಶ_ಅನಂತ:
@ಸ್ಟೇಡಿಯಂ_ರಸ್ತೆ ಸಾರ್, ಕಥೆ ಚೆನ್ನಾಗಿದೆ, ಆದ್ರೆ ಇಲ್ಲಿಗೆ ಹೊಂದಲ್ಲ. ಒಬ್ಬ ಮಾಲೀಕನ ತಪ್ಪಾಗಿದ್ರೆ ಒಂದು ತಂಡ ಮುಚ್ಚಬೇಕಿತ್ತು. ಇಲ್ಲಿ ಇಡೀ ಲೀಗೇ 1969ರ ಸೀಸನ್ ಆದಮೇಲೆ ನಿಂತುಹೋಯ್ತು. ಅದಕ್ಕೂ ಮುಂಚಿನ ಸಾವುಗಳ ಪಟ್ಟಿ ನೋಡಿ. 1966ರ ಚಾಂಪಿಯನ್ ಫಿಲಡೆಲ್ಫಿಯಾ ಬುಲ್‌ಡಾಗ್ಸ್ 1967ರಲ್ಲಿ ಕಣಕ್ಕೇ ಇಳಿಯಲಿಲ್ಲ. ಟೊರೊಂಟೊ ರೈಫಲ್ಸ್ 1967ರ ಸೀಸನ್ ಮಧ್ಯದಲ್ಲೇ ಕೈ ಎತ್ತಿತು. ಅದೇ ವರ್ಷ ಆಕ್ರನ್ ವಲ್ಕನ್ಸ್ ಅಂತ ಹೊಸ ತಂಡ ಬಂತು, ಅದಕ್ಕೆ ಕೋಚ್ ಯಾರು ಗೊತ್ತಾ? ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿಯನ್ನ 1948ರಲ್ಲಿ ಗೆದ್ದ ಡೋಕ್ ವಾಕರ್! ಅದೂ ಅರ್ಧ ಸೀಸನ್ ದಾಟಲಿಲ್ಲ.

ಹಾಗೆ ನೋಡಿದ್ರೆ ಐದು ವರ್ಷ ತಳ್ಳಿದ ಪ್ಯಾಂಥರ್ಸೇ ಗಟ್ಟಿ ಪಿಂಡ.

ಕುಡ್ಲದ_ಮಾಣಿ:
ಎಂತದು ಮಾರಾಯ್ರೆ, ಚಾಂಪಿಯನ್ ಆದ ಮರುವರ್ಷ ಮುಚ್ಚುವುದಾ? ಹಾಗಾದ್ರೆ ಸೋಲುವುದೇ ಒಳ್ಳೇದಲ್ವಾ.

ಅಂಕಿಅಂಶ_ಅನಂತ:
ತಮಾಷೆಗೆ ಅಂದಿರಿ, ಆದ್ರೆ ಇದು ಪಕ್ಕಾ. ಪೆನ್ಸಿಲ್ವೇನಿಯಾದ ಪಾಟ್ಸ್‌ಟೌನ್ ಅಂತ ಸಣ್ಣ ಊರು. ಅದರ ಪಾಟ್ಸ್‌ಟೌನ್ ಫೈರ್‌ಬರ್ಡ್ಸ್ ಅಟ್ಲಾಂಟಿಕ್ ಕೋಸ್ಟ್ ಅನ್ನೋ ಇನ್ನೊಂದು ಸಣ್ಣ ಲೀಗ್‌ನಲ್ಲಿ 1969 ಮತ್ತೆ 1970, ಎರಡೂ ವರ್ಷ ಚಾಂಪಿಯನ್. ಎನ್‌ಎಫ್‌ಎಲ್ ಫಿಲ್ಮ್ಸ್‌ನವರು ಕ್ಯಾಮೆರಾ ಹೊತ್ಕೊಂಡು ಬಂದು ಅದರ ಮೇಲೆ ಸಾಕ್ಷ್ಯಚಿತ್ರಾನೇ ಮಾಡಿದ್ರು. 1970ರ ನಂತರ ಆ ತಂಡವೂ ಇಲ್ಲ.

ಸಣ್ಣ ಲೀಗಲ್ಲಿ ಗೆಲುವಿಗೆ ದುಡ್ಡಿಲ್ಲ, ಅಷ್ಟೇ. ಎನ್‌ಎಫ್‌ಎಲ್‌ನಲ್ಲಿ ಕೊನೇ ಸ್ಥಾನದ ತಂಡಕ್ಕೂ ಟಿವಿ ದುಡ್ಡಲ್ಲಿ ಸಮಪಾಲು ಬರುತ್ತೆ. 1961ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ಲೀಗ್ ಒಟ್ಟಾಗಿ ಟಿವಿ ಹಕ್ಕು ಮಾರೋಕೆ ಅನುಮತಿ ಕೊಟ್ಟಿತ್ತು. ಕಾಂಟಿನೆಂಟಲ್‌ಗೆ ಅಂಥ ದೊಡ್ಡ ಒಪ್ಪಂದ ಯಾವತ್ತೂ ಕುದುರಲಿಲ್ಲ. ಬಂದ್ರೆ ಗೇಟ್ ದುಡ್ಡು, ಇಲ್ಲಾಂದ್ರೆ ಇಲ್ಲ. ಗೆದ್ದ ತಂಡದ ಆಟಗಾರ ಮುಂದಿನ ವರ್ಷ ಜಾಸ್ತಿ ಕೇಳ್ತಾನೆ, ಇಲ್ಲವೇ ಮೇಲಿನವರು ಎತ್ತಾಕ್ಕೊಂಡು ಹೋಗ್ತಾರೆ. ಗೆದ್ದಷ್ಟೂ ಖರ್ಚು.

ಜಗಳಗಂಟ_ಜಯಣ್ಣ:
ಟಿವಿ ಟಿವಿ ಅಂತ ಎಲ್ಲದಕ್ಕೂ ಅದನ್ನೇ ಬೈತೀರಪ್ಪ. ಕಾಲೇಜ್ ಫುಟ್‌ಬಾಲ್ ಟಿವಿ ಬಂದಮೇಲೂ ಬದುಕಿದೆ ತಾನೆ? ಹೈಸ್ಕೂಲ್ ಪಂದ್ಯಕ್ಕೂ ಟೆಕ್ಸಾಸಲ್ಲಿ ಊರಿಗೂರೇ ಸೇರುತ್ತೆ. ಯಾಕೆ? ನಮ್ಮ ಹುಡುಗ ಆಡ್ತಾನೆ ಅನ್ನೋ ಅಭಿಮಾನ. ನ್ಯೂವಾರ್ಕಿಂದ ಲಾರೀಲಿ ತಂದಿಳಿಸಿದ ತಂಡಕ್ಕೆ ಯಾರಪ್ಪ ಅಭಿಮಾನ ತೋರಿಸ್ತಾರೆ?

ಜರ್ಸಿ_ಗೌಡ:
ಲಾರೀಲಿ ತಂದಿಳಿಸಿದ್ದು ಅನ್ನಬೇಡಿ. ಬೇರ್ಸ್ ಅನ್ನಿ.

ಒರ್ಲ್ಯಾಂಡೋ_ಕಿಟ್ಟಿ:
@ಜಗಳಗಂಟ_ಜಯಣ್ಣ ಅಣ್ಣ, ಇದನ್ನ ನಾನು ಒಪ್ಪಲ್ಲ. ಡಾನ್ ಜೋನಾಸ್ ಕಥೆ ಕೇಳಿ.

ಜೋನಾಸ್ ಪ್ಯಾಂಥರ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸೋನು. ಪೆನ್ಸಿಲ್ವೇನಿಯಾದವನು, ಪೆನ್ ಸ್ಟೇಟಲ್ಲಿ ಓದಿ ಆಡಿದವನು. 1962ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ನಲ್ಲಿ ಸ್ವಲ್ಪ ದಿನ ಇದ್ದ, ನೆಲೆ ನಿಲ್ಲಲಿಲ್ಲ. ಇಲ್ಲಿ ಬಂದು 1966, 67, 68 ಮೂರು ವರ್ಷವೂ ಲೀಗಿನ ಅತ್ಯುತ್ತಮ ಆಟಗಾರ. ಕೋಚ್ ಪೆರಿ ಮಾಸ್. ಇವರಿಬ್ಬರ ಜೋಡಿಗೆ ಈ ಲೀಗಲ್ಲಿ ಎದುರು ನಿಲ್ಲೋರು ಕಡಿಮೆ ಇದ್ರು.

ಆಮೇಲೆ ಜೋನಾಸ್ ಕೆನಡಾಗೆ ಹೋದ. 1971ರಲ್ಲಿ ವಿನಿಪೆಗ್ ಬ್ಲೂ ಬಾಂಬರ್ಸ್ ಪರ ಆಡಿ ಇಡೀ ಕೆನಡಿಯನ್ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ತಗೊಂಡ. ಅಂದ್ರೆ ಇಲ್ಲಿ ಆಡ್ತಿದ್ದಿದ್ದು ಗಲ್ಲಿ ಆಟ ಅಲ್ಲ. ಕೊನೆಗೆ ವಾಪಸ್ ಬಂದಿದ್ದೆಲ್ಲಿಗೆ? ಇದೇ ಒರ್ಲ್ಯಾಂಡೋಗೆ! 1979ರಲ್ಲಿ ಇಲ್ಲಿನ ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲೋರಿಡಾ ಫುಟ್‌ಬಾಲ್ ಶುರು ಮಾಡಿದಾಗ ಮೊದಲ ಕೋಚ್ ಅವನೇ. ಆ ತಂಡ ಈಗ ಟಿವೀಲಿ ಬರೋ ದೊಡ್ಡ ಕಾಲೇಜ್ ತಂಡಗಳಲ್ಲಿ ಒಂದು. ಪೆರಿ ಮಾಸ್ ಕೂಡ ಹಾಗೇ. 90ರ ದಶಕದಲ್ಲಿ ಇಲ್ಲೇ ಒಳಾಂಗಣ ಫುಟ್‌ಬಾಲ್ ತಂಡ ಒರ್ಲ್ಯಾಂಡೋ ಪ್ರಿಡೇಟರ್ಸ್‌ಗೆ ಕೋಚ್ ಆದ.

ಊರಿಗೆ ತಂಡದ ಮೇಲೆ ಅಭಿಮಾನ ಇಲ್ಲದಿದ್ರೆ ಇವರಿಬ್ಬರೂ ಮತ್ತೆ ಇಲ್ಲಿಗೇ ಯಾಕೆ ಬರ್ತಿದ್ರು?

ಜಗಳಗಂಟ_ಜಯಣ್ಣ:
ಹವಾ ಚೆನ್ನಾಗಿದೆ ಅಂತ ಬಂದಿರ್ತಾರೆ. ವಿನಿಪೆಗ್ ಚಳಿ ಕಂಡಿದೀರಾ?

ಶಾರದಕ್ಕ_ಸಾಗರ:
ಇಷ್ಟೊತ್ತು ಗಂಡಸರ ಜಗಳ ಓದಿದ್ದಾಯ್ತು. ಆ ಪ್ಯಾಟ್ ಪಲಿಂಕಸ್ ವಿಷಯ "ಬೇಕಾದ್ರೆ ಹೇಳ್ತೀನಿ" ಅಂದಿದ್ರಲ್ಲ ಕಿಟ್ಟಿ, ಬೇಕು, ಹೇಳಿ.

ಒರ್ಲ್ಯಾಂಡೋ_ಕಿಟ್ಟಿ:
@ಶಾರದಕ್ಕ_ಸಾಗರ ಅಕ್ಕಾ, ಹೇಳ್ದೆ.

1970ಕ್ಕೆ ಕಾಂಟಿನೆಂಟಲ್ ಲೀಗ್ ಇಲ್ಲ. ಪ್ಯಾಂಥರ್ಸು, ಇಂಡಿಯಾನಾಪೊಲಿಸ್ಸು, ನಾರ್ಫೋಕು ಎಲ್ಲ ಅಟ್ಲಾಂಟಿಕ್ ಕೋಸ್ಟ್ ಲೀಗಿಗೆ ಹೋಗಿ ಸೇರ್ಕೊಂಡ್ವು. ಪ್ಯಾಟ್ ಪಲಿಂಕಸ್ ಟ್ಯಾಂಪಾ ಊರಿನ ಶಾಲಾ ಟೀಚರ್. ಗಂಡ ಸ್ಟೀವ್ ಕಿಕ್ಕರ್ (ಚೆಂಡು ಒದ್ದು ಪಾಯಿಂಟ್ ಗಳಿಸೋನು) ಆಗಬೇಕು ಅಂತ ಪ್ರಯತ್ನ ಪಡ್ತಿದ್ದ. ಅವನು ಅಭ್ಯಾಸ ಮಾಡುವಾಗ ಚೆಂಡು ಹಿಡಿದು ನಿಲ್ಲಿಸ್ತಿದ್ದೋಳು ಇವಳೇ. ಇವಳು ಹಿಡಿದ್ರೇನೇ ಅವನ ಕಿಕ್ ಸರಿ ಹೋಗೋದು ಅಂತ ಇಬ್ಬರನ್ನೂ ಸೇರಿಸ್ಕೊಂಡ್ರು.

1970ರ ಆಗಸ್ಟ್ 15, ಶನಿವಾರ ರಾತ್ರಿ. ಎದುರಾಳಿ ಬ್ರಿಡ್ಜ್‌ಪೋರ್ಟ್ ಜೆಟ್ಸ್. ಟಚ್‌ಡೌನ್ (ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸೋದು) ಆದಮೇಲೆ ಒದ್ದು ಗಳಿಸೋ ಹೆಚ್ಚುವರಿ ಪಾಯಿಂಟ್‌ಗೆ ಚೆಂಡು ಹಿಡಿಯೋಕೆ ಪ್ಯಾಟ್ ಮೈದಾನಕ್ಕೆ ಬಂದ್ಲು. ಸೆಂಟರ್ (ಮುಂದೆ ನಿಂತು ಹಿಂದಕ್ಕೆ ಚೆಂಡು ಕೊಡೋ ಆಟಗಾರ) ಎಸೆದ ಚೆಂಡು ಕೆಟ್ಟದಾಗಿ ಬಂತು, ಕೈಗೆ ಕೂರಲಿಲ್ಲ. ಎತ್ತಿಕೊಳ್ಳೋಕೆ ಹೋದಾಗ ಜೆಟ್ಸ್‌ನ ವಾಲಿ ಫ್ಲಾರೆನ್ಸ್ ಬಂದು ಗುದ್ದಿ ಬೀಳಿಸಿದ. ಅವನು 235 ಪೌಂಡ್, ಇವಳು 122. ಪಂದ್ಯ ಆದಮೇಲೆ ಅವಳ ಕತ್ತು ಮುರಿಯೋಕೇ ನೋಡಿದೆ ಅಂತ ಪತ್ರಕರ್ತರ ಮುಂದೆ ರಾಜಾರೋಷವಾಗಿ ಹೇಳಿದ. ನಾವು ಹೊಟ್ಟೆಪಾಡಿಗೆ ಆಡ್ತಿದೀವಿ, ಇವಳು ಗಂಡಸರ ಆಟಾನ ಹುಡುಗಾಟ ಮಾಡ್ತಿದಾಳೆ ಅನ್ನೋದು ಅವನ ಸಿಟ್ಟು.

ಅವಳು ಎದ್ದು ಹೋದ್ಲು. ಅದೇ ಪಂದ್ಯದಲ್ಲಿ ಮತ್ತೆ ಬಂದು ಚೆಂಡು ಹಿಡಿದ್ಲು. ಅಮೆರಿಕದಲ್ಲಿ ಗಂಡಸರ ವೃತ್ತಿಪರ ಫುಟ್‌ಬಾಲ್ ಆಡಿದ ಮೊದಲ ಹೆಂಗಸು ಅಂತ ದಾಖಲಾಗಿದ್ದು ಹೀಗೆ.

ಶಾರದಕ್ಕ_ಸಾಗರ:
ಮತ್ತೆ ಬಂದು ಹಿಡಿದ್ಲಲ್ಲ, ಅದು. ಇಡೀ ಕತೆ ಅಷ್ಟರಲ್ಲೇ ಇದೆ.

ಜಗಳಗಂಟ_ಜಯಣ್ಣ:
ಟಿಕೆಟ್ ಮಾರೋಕೆ ಮಾಡಿದ ಗಿಮಿಕ್ ಅಕ್ಕ ಇದು. ತಂಡ ಮುಳುಗ್ತಾ ಇತ್ತು, ಪೇಪರಲ್ಲಿ ಹೆಸರು ಬರಲಿ ಅಂತ ಒಬ್ಬ ಟೀಚರಮ್ಮನ್ನ ಕರ್ಕೊಂಡ್ ಬಂದು ನಿಲ್ಲಿಸಿದ್ರು. ಚೆಂಡು ಹಿಡ್ಕೊಳ್ಳೋದು ಒಂದು ಕೆಲಸಾನಾ?

ಅಂಕಿಅಂಶ_ಅನಂತ:
ಜಯಣ್ಣ, ಚೆಂಡು ಹಿಡ್ಕೊಳ್ಳೋದು ಕೆಲಸಾನಾ ಅಂದ್ರಲ್ಲ, ಬನ್ನಿ ಹೇಳ್ತೀನಿ.

ಹೋಲ್ಡರ್, ಅಂದ್ರೆ ಚೆಂಡು ಹಿಡಿಯೋನು, ಒಂದು ಮೊಣಕಾಲೂರಿ ಕೂತಿರ್ತಾನೆ, ಆಟ ಶುರುವಾಗೋ ಗೆರೆಯಿಂದ ಏಳು ಗಜ ಹಿಂದೆ. ಸೆಂಟರ್ ತನ್ನ ಕಾಲ ಸಂದಿಯಿಂದ ಹಿಂದಕ್ಕೆ ಚೆಂಡು ಎಸೀತಾನೆ, ಅದು ಗರಗರ ತಿರುಗ್ತಾ ಬರುತ್ತೆ. ಎರಡೂ ಕೈಯಲ್ಲಿ ಹಿಡೀಬೇಕು, ಕಿಕ್ಕರ್ ತೋರಿಸಿದ ಜಾಗದಲ್ಲೇ ತುದಿ ಊರಬೇಕು, ಒಂದು ಬೆರಳಲ್ಲಿ ಮೇಲಿಂದ ಒತ್ತಿ, ಹೊಲಿಗೆ ದಾರ ಕಿಕ್ಕರ್ ಕಾಲಿಗೆ ಸಿಗದ ಹಾಗೆ ಚೆಂಡು ತಿರುಗಿಸಬೇಕು. ದಾರಕ್ಕೆ ಕಾಲು ತಗುಲಿದ್ರೆ ಚೆಂಡು ಎತ್ತಲೋ ಹೋಗುತ್ತೆ. ಇದೆಲ್ಲ ಸುಮಾರು ಒಂದೂಕಾಲು ಸೆಕೆಂಡಲ್ಲಿ. ಈ ಕೆಲಸ ಆಗುವಾಗ ಎದುರಿಗೆ ಹನ್ನೊಂದು ಜನ ಮೈಮೇಲೆ ಬೀಳೋಕೆ ಓಡಿಬರ್ತಿರ್ತಾರೆ, ಅವರ ಕಡೆ ಕಣ್ಣೆತ್ತಿ ನೋಡೋ ಹಾಗಿಲ್ಲ.

ಕಿಕ್ಕರ್‌ಗೆ ಹೋಲ್ಡರ್ ಮೇಲೆ ನಂಬಿಕೆ ಬರೋಕೆ ತಿಂಗಳುಗಟ್ಟಲೆ ಬೇಕು. ಗಂಡ ಹೆಂಡತಿ ಜೊತೇಲಿ ಅಭ್ಯಾಸ ಮಾಡಿದವರು. ತರ್ಕ ಸರಿಯಾಗೇ ಇದೆ.

ಜಗಳಗಂಟ_ಜಯಣ್ಣ:
ಗಿಮಿಕ್ಕಲ್ಲೂ ತರ್ಕ ಇರುತ್ತೆ.

ಧಾರವಾಡ_ಪೇಡೆ:
ನನಗ ತಿಳೀಲಾರದ್ದು ಇದು. ಚೆಂಡು ಬಿದ್ದಿತ್ತಲ್ರಿ, ಅಂಥಾದ್ರಾಗ ಆಕಿಗೆ ಗುದ್ದಿದ್ದು ಫೌಲ್ ಅಲ್ಲೇನ್ರಿ?

ಅಂಕಿಅಂಶ_ಅನಂತ:
ಅಲ್ಲ ಸಾರ್. ಕಿಕ್ ಆದಮೇಲೆ ಹೋಲ್ಡರ್ ಮೈಮೇಲೆ ಬಿದ್ರೆ ಫೌಲ್. ಇಲ್ಲಿ ಕಿಕ್ಕೇ ಆಗಿಲ್ಲ. ಚೆಂಡು ಕೈತಪ್ಪಿದ ಮೇಲೆ ಅದನ್ನ ಎತ್ತಿ ಓಡಬಹುದು, ಎಸೀಬಹುದು. ಹಾಗಾಗಿ ಚೆಂಡಿನ ಹತ್ತಿರ ಇದ್ದವರನ್ನ ಕೆಡವೋದು ಆಟದ ನಿಯಮವೇ. ಫ್ಲಾರೆನ್ಸ್ ಗುದ್ದಿದ್ದು ಸರಿ. ಆಮೇಲೆ ಆಡಿದ ಮಾತು ಹೊಲಸು.

ಶಾರದಕ್ಕ_ಸಾಗರ:
ಹೊಟ್ಟೆಪಾಡಿಗೆ ಆಡ್ತಿದೀವಿ ಅಂದನಲ್ಲ ಅವನು, ಅದನ್ನೂ ಸ್ವಲ್ಪ ಯೋಚನೆ ಮಾಡಿ. ಎನ್‌ಎಫ್‌ಎಲ್ ಬಾಗಿಲಲ್ಲಿ ನಿಂತು ಕಾಯ್ತಿದ್ದ ಆಟಗಾರರು. ಬ್ರಿಡ್ಜ್‌ಪೋರ್ಟ್ ಅಂದ್ರೆ ನ್ಯೂಯಾರ್ಕ್ ಜೆಟ್ಸ್‌ನ ಮರಿ ತಂಡ ತಾನೆ? ಅವನ ಸಿಟ್ಟು ಮೇಲಿನವರ ಮೇಲೆ ಇದ್ದಿದ್ದು, ಸಿಕ್ಕಿದ್ದು ಇವಳು. ನಾನು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು, ಸ್ಟಾಫ್ ರೂಮಲ್ಲಿ ಇಂಥ ಸಿಟ್ಟು ಬೇಕಾದಷ್ಟು ನೋಡಿದೀನಿ. ಬಡ್ತಿ ತಪ್ಪಿಸಿದವನು ಮೇಲಿರ್ತಾನೆ, ಬೈಸಿಕೊಳ್ಳೋಳು ಹೊಸದಾಗಿ ಸೇರಿದ ಹುಡುಗಿ.

ಹಾಗಂತ ಕತ್ತು ಮುರೀತೀನಿ ಅಂದಿದ್ದನ್ನ ಮಾಫಿ ಮಾಡೋ ಮಾತಿಲ್ಲ.

ಸುಮ್ನೆ_ಓದೋನು:
👏

ಸ್ಟೇಡಿಯಂ_ರಸ್ತೆ:
ಹೊಟ್ಟೆಪಾಡು ಅಂದ್ರಿ, ಈ ಲೀಗಲ್ಲಿ ಎಷ್ಟು ಕೊಡ್ತಿದ್ರು?

ಅಂಕಿಅಂಶ_ಅನಂತ:
ಪಂದ್ಯಕ್ಕೆ ಇಷ್ಟು ಅಂತ ಲೆಕ್ಕ, ತಿಂಗಳ ಸಂಬಳ ಅಲ್ಲ. ಬಹಳಷ್ಟು ಜನಕ್ಕೆ ಹಗಲು ಬೇರೆ ಕೆಲಸ, ಸಂಜೆ ಅಭ್ಯಾಸ. ಇನ್ನೂ ಕೆಳಗಿನ ಮಟ್ಟ ಬೇಕಂದ್ರೆ ಜಾನಿ ಯುನೈಟಸ್ ನೆನಪಿಸ್ಕೊಳ್ಳಿ. 1955ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಬೇಡ ಅಂತ ಕಳಿಸಿದ ಮೇಲೆ ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಅನ್ನೋ ಅರೆವೃತ್ತಿಪರ ತಂಡದಲ್ಲಿ ಪಂದ್ಯಕ್ಕೆ 6 ಡಾಲರ್‌ಗೆ ಆಡ್ತಿದ್ದ, ಹಗಲು ಕಟ್ಟಡ ಕೆಲಸ. ಮರುವರ್ಷ ಬಾಲ್ಟಿಮೋರ್ ಕೋಲ್ಟ್ಸ್. ಆಮೇಲೆ ಎನ್‌ಎಫ್‌ಎಲ್‌ನ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಆದ.

ಕಾಂಟಿನೆಂಟಲ್ ಲೀಗಿಂದಲೂ ಮೇಲೆ ಹೋದವರು ಕಡಿಮೆ ಇಲ್ಲ. ಕೆನ್ ಸ್ಟೇಬ್ಲರ್ 1968ರಲ್ಲಿ ಸ್ಪೋಕೇನ್ ಶಾಕರ್ಸ್ ಪರ ಆಡಿದ್ದ, ಆಮೇಲೆ ಓಕ್ಲಂಡ್ ರೈಡರ್ಸ್ ಜೊತೆ ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ಗೆದ್ದ. ಓಟಿಸ್ ಸಿಸ್ಟ್ರಂಕ್ ಕಾಲೇಜೇ ಆಡಿದವನಲ್ಲ, ನಾರ್ಫೋಕ್ ನೆಪ್ಚೂನ್ಸಿಂದ ನೇರ ಮೇಲಕ್ಕೆ. ಬಿಲ್ ವಾಲ್ಶ್ 1967ರಲ್ಲಿ ಸ್ಯಾನ್ ಹೊಸೆ ಅಪಾಚೀಸ್‌ಗೆ ಕೋಚ್, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಮೂರು ಸೂಪರ್ ಬೌಲ್. ಅದೇ ಲೀಗಿನ ಬ್ರೂಕ್ಲಿನ್ ಡಾಡ್ಜರ್ಸ್ ಫುಟ್‌ಬಾಲ್ ತಂಡಕ್ಕೆ 1966ರಲ್ಲಿ ಜನರಲ್ ಮ್ಯಾನೇಜರ್ ಯಾರು? ಬೇಸ್‌ಬಾಲಿನ ಜಾಕಿ ರಾಬಿನ್ಸನ್!

ಕುಡ್ಲದ_ಮಾಣಿ:
ಗಾರೊ ಯೆಪ್ರೆಮಿಯನ್ ಹೆಸರು ಬಿಟ್ರಲ್ಲ ಅನಂತಣ್ಣ. ಅವನೂ 1968ರಲ್ಲಿ ಮಿಚಿಗನ್ ಆ್ಯರೋಸ್‌ನಲ್ಲಿ ಇದ್ದವ. ಕೈತಪ್ಪಿದ ಚೆಂಡು ಎತ್ತಿದ್ರೆ ಏನಾಗ್ತದೆ ಅಂತ ಅವನನ್ನು ಕೇಳ್ಬೇಕು! ಮಯಾಮಿ ಡಾಲ್ಫಿನ್ಸ್ ಇಡೀ ಸೀಸನ್ ಸೋಲದೆ ಏಳನೇ ಸೂಪರ್ ಬೌಲಿಗೆ ಬಂದಿತ್ತು. ಗಾರೊ ಕಿಕ್ ಮಾಡಿದ್ದು ತಡೆಹಿಡಿದ್ರು, ಚೆಂಡು ವಾಪಸ್ ಅವನ ಕೈಗೇ ಬಂತು. ಸುಮ್ಮನೆ ಅದರ ಮೇಲೆ ಮಲಗಿದ್ರೆ ಆಗ್ತಿತ್ತು. ಅವ ಎಸೆಯಲಿಕ್ಕೆ ಹೋದ. ಚೆಂಡು ಕೈಯಿಂದ ಜಾರಿ ಮೇಲಕ್ಕೆ ಹಾರಿ, ವಾಷಿಂಗ್ಟನ್‌ನ ಮೈಕ್ ಬಾಸ್ ಹಿಡಿದು ಓಡಿ ಟಚ್‌ಡೌನ್ ಮಾಡಿಬಿಟ್ಟ. ಹೇಗೋ ಡಾಲ್ಫಿನ್ಸ್ ಗೆದ್ದಿತು ಮಾರಾಯ್ರೆ, ಇಲ್ಲಾಂದ್ರೆ ಗಾರೊ ಕತೆ ಮುಗೀತಿತ್ತು.

ಧಾರವಾಡ_ಪೇಡೆ:
ನೀವು ಕ್ರಿಕೆಟ್ ಮಾಣಿ ಅಂತ ತಿಳ್ಕೊಂಡಿದ್ದೆ. ಇದನ್ನೆಲ್ಲ ಎಲ್ಲಿ ಕಲಿತ್ರಿ?

ಕುಡ್ಲದ_ಮಾಣಿ:
ರಾತ್ರಿಪಾಳಿ. ಅಮೆರಿಕದ ಕ್ಲೈಂಟು. ಅಷ್ಟೇ.

ಒರ್ಲ್ಯಾಂಡೋ_ಕಿಟ್ಟಿ:
ಎಲ್ಲಾ ಓದಿದೆ. ದೂರದ ಖರ್ಚಿನ ಬಗ್ಗೆ ಯಾರೂ ಹೇಳಲಿಲ್ಲ ನೋಡಿ. ಶುರುವಲ್ಲಿ ಲೀಗ್ ಬಹುಪಾಲು ಪೂರ್ವದ ಕಡೆ ಇತ್ತು, ಜೊತೆಗೆ ಕೆನಡಾದ ಟೊರೊಂಟೊ, ಮಾಂಟ್ರಿಯಲ್. ಬರ್ತಾ ಬರ್ತಾ ಸ್ಪೋಕೇನ್, ಸಿಯಾಟಲ್, ಸ್ಯಾಕ್ರಮೆಂಟೊ, ಟೆಕ್ಸಾಸಿನ ಊರುಗಳು, 1969ಕ್ಕೆ ಮೆಕ್ಸಿಕೋದಿಂದ ಕೂಡ ತಂಡ. ಹೆಸರು ಕಾಂಟಿನೆಂಟಲ್ ಅಂತ ಇಟ್ಟಮೇಲೆ ಖಂಡ ಪೂರ್ತಿ ಆವರಿಸಬೇಕು ಅಂದ್ಕೊಂಡ್ರೋ ಏನೋ! ಒಂದು ಫುಟ್‌ಬಾಲ್ ತಂಡ ಅಂದ್ರೆ ಮೂವತ್ತು ನಲವತ್ತು ಜನ, ಮೇಲೆ ಪೆಟ್ಟಿಗೆಗಟ್ಟಲೆ ಹೆಲ್ಮೆಟ್ಟು, ಪ್ಯಾಡು. ಗೇಟ್ ದುಡ್ಡು ನೆಚ್ಚಿಕೊಂಡ ತಂಡ ವಿಮಾನದಲ್ಲಿ ಎಷ್ಟು ಸಲ ಹೋಗೋಕಾಗುತ್ತೆ?

ಅಂಕಿಅಂಶ_ಅನಂತ:
ಇದು ಒಳ್ಳೆ ಪಾಯಿಂಟ್. ಇನ್ನೊಂದು ಸೇರಿಸಿ. 1970ರ ಸೆಪ್ಟೆಂಬರ್ 21ಕ್ಕೆ ಎಬಿಸಿ ಚಾನೆಲ್‌ನಲ್ಲಿ ಸೋಮವಾರ ರಾತ್ರಿಯ ಎನ್‌ಎಫ್‌ಎಲ್ ಪ್ರಸಾರ ಶುರು. ಭಾನುವಾರ ಮಧ್ಯಾಹ್ನ ಎನ್‌ಎಫ್‌ಎಲ್, ಸೋಮವಾರ ರಾತ್ರಿ ಎನ್‌ಎಫ್‌ಎಲ್, ಶನಿವಾರ ಕಾಲೇಜು, ಶುಕ್ರವಾರ ಹೈಸ್ಕೂಲು. ಪ್ಯಾಂಥರ್ಸ್‌ಗೆ ಉಳಿದಿದ್ದು ಯಾವ ದಿನ? ಅದೇ ವರ್ಷ ಡಾನ್ ಶೂಲಾ ಮಯಾಮಿಗೆ ಕೋಚ್ ಆಗಿ ಬಂದ. ಫ್ಲೋರಿಡಾದ ಫುಟ್‌ಬಾಲ್ ಹುಚ್ಚೆಲ್ಲ ಆ ಕಡೆ ಹರೀತು.

ಜಗಳಗಂಟ_ಜಯಣ್ಣ:
ಕೊನೆಗೂ ಟಿವೀಗೇ ಬಂದು ನಿಂತ್ರಿ.

ಆದ್ರೂ ನನ್ನ ವಾದ ಕೇಳಿ. ಒರ್ಲ್ಯಾಂಡೋದಲ್ಲಿ ಆಮೇಲೂ ತಂಡಗಳು ಬಂದ್ವಲ್ಲ, ಡಿಸ್ನಿ ಬಂದು ಊರು ದೊಡ್ಡದಾದ ಮೇಲೆ? ಅವೆಲ್ಲ ಏನಾದ್ವು?

ಒರ್ಲ್ಯಾಂಡೋ_ಕಿಟ್ಟಿ:
ಅಯ್ಯೋ ಅದನ್ನ ಕೇಳಬೇಡಿ. 1974ರಲ್ಲಿ ಫ್ಲೋರಿಡಾ ಬ್ಲೇಜರ್ಸ್. ಆಟಗಾರರಿಗೆ ವಾರಗಟ್ಟಲೆ ಸಂಬಳ ಇಲ್ಲ. ಹಾಗಿದ್ರೂ ಜ್ಯಾಕ್ ಪಾರ್ಡೀ ಕೋಚಿಂಗಲ್ಲಿ ಫೈನಲ್ ತಲುಪಿ ಬರ್ಮಿಂಗ್‌ಹ್ಯಾಮ್ ಎದುರು 22-21ಕ್ಕೆ ಸೋತ್ರು. ಒಂದೇ ಸೀಸನ್, ಕಥೆ ಮುಗೀತು. 1985ರಲ್ಲಿ ರೆನಗೇಡ್ಸ್, ಅದೂ ಒಂದೇ ಸೀಸನ್. 1991-92ರಲ್ಲಿ ಥಂಡರ್, ಕಣ್ಣು ಕುಕ್ಕೋ ಹಸಿರು ಜರ್ಸಿ. 2001ರಲ್ಲಿ ರೇಜ್. 2009-10ರಲ್ಲಿ ಟಸ್ಕರ್ಸ್, ಎರಡು ವರ್ಷವೂ ಫೈನಲ್ ಆಡಿ ಎರಡೂ ಸೋತ್ರು. 2019ರಲ್ಲಿ ಅಪೊಲೋಸ್, ಸ್ಟೀವ್ ಸ್ಪರಿಯರ್ ಕೋಚು, 7 ಗೆಲುವು 1 ಸೋಲು, ಲೀಗಲ್ಲೇ ಮುಂದೆ. ಸೀಸನ್ ಪೂರ್ತಿ ಆಗೋ ಮುಂಚೆ ಲೀಗೇ ನಿಂತುಹೋಯ್ತು! ಇವರ ಅವಸ್ಥೆ ಹೇಗಿತ್ತಂದ್ರೆ, ವಿಮೆ ನಿಯಮದ ತೊಡಕಿಗೆ ಅಭ್ಯಾಸ ಮಾಡೋಕೆ ಗಡಿ ದಾಟಿ ಜಾರ್ಜಿಯಾಗೆ ಹೋಗ್ತಿದ್ರು. 2023ರಲ್ಲಿ ಗಾರ್ಡಿಯನ್ಸ್, ಅದೂ ಒಂದು ವರ್ಷ.

ಇಷ್ಟರಲ್ಲಿ ಕಪ್ ಗೆದ್ದು, ಮರುವರ್ಷ ಅದನ್ನ ಉಳಿಸ್ಕೊಂಡಿದ್ದು ಪ್ಯಾಂಥರ್ಸ್ ಮಾತ್ರ.

ಶಾರದಕ್ಕ_ಸಾಗರ:
ಆ ಊರಿಗೆ ಯಾರಾದ್ರೂ ವಾಸ್ತು ನೋಡಿಸ್ರಪ್ಪಾ.

ಸ್ಟೇಡಿಯಂ_ರಸ್ತೆ:
ನಗಬೇಡಿ, ನಮ್ಮಲ್ಲೂ ಇದೇ ಕಥೆ. ಬೆಂಗಳೂರಲ್ಲಿ ಐಟಿಐ, ಎಚ್ಎಎಲ್ ಫುಟ್‌ಬಾಲ್ ತಂಡಗಳು ಹೇಗಿದ್ವು! ಮೈಸೂರು 1946-47ರಲ್ಲೇ ಸಂತೋಷ್ ಟ್ರೋಫಿ ಗೆದ್ದಿತ್ತು, 1968-69ರಲ್ಲಿ ಗೆದ್ದ ಮೇಲೆ ಮತ್ತೆ ಕರ್ನಾಟಕಕ್ಕೆ ಕಪ್ ಬಂದಿದ್ದು 2022-23ರಲ್ಲಿ. ಐಟಿಐ ಆಡ್ತಿದ್ದ ಕಾಲ ಈಗಿನ ಹುಡುಗರಿಗೆ ಗೊತ್ತೇ ಇಲ್ಲ.

ನಿರ್ವಾಹಕ:
ಸಾಕರ್ ಬೇರೆ ಎಳೆಯಲ್ಲಿ ದಯವಿಟ್ಟು. ಇದು ಹೆಲ್ಮೆಟ್ ಹಾಕ್ಕೊಂಡು ಆಡೋದು.

ಕುಡ್ಲದ_ಮಾಣಿ:
ಹೆಲ್ಮೆಟ್ ಅಂದದ್ದಕ್ಕೆ ನೆನಪಾಯ್ತು, ನಮ್ಮಲ್ಲೂ ಹೆಲ್ಮೆಟ್ ಫುಟ್‌ಬಾಲ್ ತಂಡ ಇತ್ತಲ್ಲ, ಬೆಂಗಳೂರು ವಾರ್‌ಹಾಕ್ಸ್! ಯಾರಿಗಾದ್ರೂ ನೆನಪಿದೆಯಾ?

ಸುಮ್ನೆ_ಓದೋನು:
ಸುಳ್ಳು.

ಅಂಕಿಅಂಶ_ಅನಂತ:
ನಿಜ ನಿಜ. ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ, 2011ರಲ್ಲಿ ಘೋಷಣೆ. ಹಣ ಹಾಕಿದವರಲ್ಲಿ ಮೈಕ್ ಡಿಟ್ಕಾ, ಕರ್ಟ್ ವಾರ್ನರ್ ಥರದ ಎನ್‌ಎಫ್‌ಎಲ್ ಘಟಾನುಘಟಿಗಳು, ನಟ ಮಾರ್ಕ್ ವಾಲ್‌ಬರ್ಗ್ ಕೂಡ. 2012ರಲ್ಲಿ ಪಂದ್ಯಗಳು ನಡೆದಿದ್ದು ಶ್ರೀಲಂಕಾದ ಕೊಲಂಬೊದಲ್ಲಿ. ಪಂದ್ಯ ಮುಗಿಸಿ ಆಮೇಲೆ ಟಿವೀಲಿ ಹಾಕಿದ್ರು. ಕಪ್ ಪುಣೆ ಮರಾಠಾಸ್‌ಗೆ.

ಜಗಳಗಂಟ_ಜಯಣ್ಣ:
ಬೆಂಗಳೂರು ತಂಡ, ಕೊಲಂಬೊದಲ್ಲಿ ಆಟ, ತವರಲ್ಲಿ ನೋಡೋರು ಯಾರೂ ಇಲ್ಲ. ಈಗ ಹೇಳಿ ಅನಂತ, ಟಿವಿ ಇದ್ರೆ ಸಾಕಾ? ಇವರಿಗೆ ಟಿವಿ ಇತ್ತು, ಊರಿರಲಿಲ್ಲ. ಪ್ಯಾಂಥರ್ಸ್‌ಗೆ ಊರಿತ್ತು, ಟಿವಿ ಇರಲಿಲ್ಲ. ಎರಡೂ ಮುಚ್ಚಿತು. ನಾನು ಬೆಳಗ್ಗೆಯಿಂದ ಹೇಳ್ತಿರೋದು ಇದನ್ನೇ.

ಅಂಕಿಅಂಶ_ಅನಂತ:
ಬೆಳಗ್ಗೆಯಿಂದ ನೀವು ಹೇಳ್ತಿದ್ದಿದ್ದು ಊರಿನ ಅಭಿಮಾನ ಇರಲಿಲ್ಲ ಅಂತ. ಈಗ ಪ್ಯಾಂಥರ್ಸ್‌ಗೆ ಊರಿತ್ತು ಅಂತೀರ.

ಜಗಳಗಂಟ_ಜಯಣ್ಣ:
ಮೇಲಿಂದ ಓದ್ಕೊಂಡ್ ಬನ್ನಿ.

ಧಾರವಾಡ_ಪೇಡೆ:
ಇಬ್ರೂ ಒಂದೊಂದು ಕಪ್ ಚಾ ಕುಡೀರಿ. ಕಿಟ್ಟಿ ಅವ್ರ, ಪ್ಯಾಂಥರ್ಸ್ ಹ್ವಾದ ಮ್ಯಾಲೆ ಆ ಅಟ್ಲಾಂಟಿಕ್ ಲೀಗ್ ಏನಾತ್ರಿ?

ಒರ್ಲ್ಯಾಂಡೋ_ಕಿಟ್ಟಿ:
1971ರಲ್ಲಿ ನಾರ್ಫೋಕ್ ಚಾಂಪಿಯನ್ ಆಯ್ತು. 1972ರಲ್ಲಿ ಆಟ ಇಲ್ಲ. 1973ರಲ್ಲಿ ಒಂದು ಸಲ ಎದ್ದು ಕೂತು ಮತ್ತೆ ಮಲಗಿತು. 1974ಕ್ಕೆ ವರ್ಲ್ಡ್ ಫುಟ್‌ಬಾಲ್ ಲೀಗ್ ಬಂದು ಇದ್ದಬದ್ದ ಆಟಗಾರರನ್ನೆಲ್ಲ ಬಳ್ಕೊಂಡು ಹೋಯ್ತು. ಆ ಲೀಗೂ 1975ರ ಸೀಸನ್ ಮಧ್ಯದಲ್ಲೇ ಮುಚ್ಚಿತು ಅನ್ನೋದು ಬೇರೆ ಮಾತು.

ಶಾರದಕ್ಕ_ಸಾಗರ:
ಪ್ಯಾಟ್ ಆದಮೇಲೆ ಬೇರೆ ಹೆಂಗಸರು ಯಾರೂ ಆಡಲಿಲ್ವಾ?

ಅಂಕಿಅಂಶ_ಅನಂತ:
ಕಾಲೇಜಲ್ಲಿ ಆಡಿದಾರೆ ಅಕ್ಕ. ಕೇಟಿ ನೈಡಾ 2003ರಲ್ಲಿ ನ್ಯೂ ಮೆಕ್ಸಿಕೋ ಪರ ಕಿಕ್ ಮಾಡಿ ಪಾಯಿಂಟ್ ಗಳಿಸಿದ್ಲು, ಮೇಲ್ದರ್ಜೆ ಕಾಲೇಜ್ ಫುಟ್‌ಬಾಲ್‌ನಲ್ಲಿ ಅದೇ ಮೊದಲು. 2020ರಲ್ಲಿ ವ್ಯಾಂಡರ್‌ಬಿಲ್ಟ್‌ಗೆ ಸಾರಾ ಫುಲ್ಲರ್. ಎನ್‌ಎಫ್‌ಎಲ್ ಪಂದ್ಯದಲ್ಲಿ ಮಾತ್ರ ಇವತ್ತಿನ ತನಕ ಯಾರೂ ಇಲ್ಲ.

ಶಾರದಕ್ಕ_ಸಾಗರ:
ಐವತ್ತು ವರ್ಷದ ಮೇಲಾಯ್ತು. ಜಯಣ್ಣ, ಗಿಮಿಕ್ ಅಂದ್ರಲ್ಲ, ಇಷ್ಟು ಸುಲಭದ ಗಿಮಿಕ್ ಆಗಿದ್ರೆ ಇನ್ನೊಬ್ಬರು ಯಾಕೆ ಮಾಡಿಲ್ಲ?

ಜಗಳಗಂಟ_ಜಯಣ್ಣ:
ಅಕ್ಕ, ನಿಮ್ಮ ಹತ್ರ ನಾನು ವಾದ ಮಾಡಲ್ಲ, ಟೀಚರ್ ಅಂತ ಗೊತ್ತಾದ ಮೇಲೆ ಭಯ.

ಧಾರವಾಡ_ಪೇಡೆ:
ಎಲ್ಲಾ ತಿಳೀತು, ಆದ್ರ ಈ 'ಡೌನ್' ಅಂತಾರಲ್ಲ, ಅದು ಏನ್ರಿ? ನಾಕು ಡೌನು, ಹತ್ತು ಗಜ ಅಂತ ಕಾಮೆಂಟ್ರಿ ಒಳಗ ಬಡ್ಕೊಂತಾರ.

ಕುಡ್ಲದ_ಮಾಣಿ:
ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗ್ಬೇಕು. ಹೋದ್ರೆ ಮತ್ತೆ ನಾಲ್ಕು. ಹೋಗದಿದ್ರೆ ಚೆಂಡು ಎದುರಿನವರಿಗೆ.

ಧಾರವಾಡ_ಪೇಡೆ:
ಇಷ್ಟ ಏನ್ರಿ? ಇದಕ್ಕ ಅಷ್ಟ್ ಗದ್ದಲ?

ಜರ್ಸಿ_ಗೌಡ:
ಕಿಟ್ಟಿ, ಮುಂದಿನ ಸಲ ಎಳೆ ಶುರು ಮಾಡುವಾಗ ಶೀರ್ಷಿಕೆಯಲ್ಲಿ "ಹಿಂದಿನ ನ್ಯೂವಾರ್ಕ್ ಬೇರ್ಸ್" ಅಂತ ಸೇರಿಸಿ. ನಿರ್ವಾಹಕರೇ, ಈಗಲೂ ಬದಲಿಸೋಕಾಗುತ್ತಾ?

ನಿರ್ವಾಹಕ:
ಆಗಲ್ಲ.